ಪುಸ್ತಕ ಅಚ್ಚಿಗೆ ಹೋಯಿತು. ಚಿಕ್ಕಮ್ಮನ ಬಗ್ಗೆ ಎರಡು ಮಾತು

ರಷ್ಯಾದ ಪಿಯಾನೊ ವಾದಕ, ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಜೀವನವನ್ನು ಕುರಿತ ನನ್ನ ಪುಸ್ತಕ ಕೊನೆಗೂ ಅಚ್ಚಿಗೆ ಹೋಗಿದೆ. ಬರೆಯುವ ನಡುವೆ ನಾನು ಆಸ್ಪತ್ರೆ ಸೇರಬೇಕಾಯಿತು. ಏನಾಯಿತು, ವೈದ್ಯರು ಏನೆಂದರು ಎಂಬುದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ನೋಡಲು ಬಂದವರಿಗೆಲ್ಲ ಹೇಳಿ ಹೇಳಿ ನನಗೇ ಬೇಸರವಾಗಿದೆ. ಈಗ ನಡೆದಾಡುತ್ತೇನೆ, ಉಪ್ಪಿಲ್ಲದ ಸಾರು ಉಣ್ಣುತ್ತೇನೆ, ಅಷ್ಟು ಸಾಕು.

ಆಸ್ಪತ್ರೆಗೆ ಓಡಾಡಿದ ಗೆಳೆಯರು, ಕರಡು ತಿದ್ದಿದ ಮೇಷ್ಟ್ರು, ರಷ್ಯನ್ ಹೆಸರುಗಳ ಉಚ್ಚಾರಣೆ ಸರಿಪಡಿಸಿದವರು, ಹಳೆಯ ಗ್ರಾಮಫೋನ್ ತಟ್ಟೆಗಳನ್ನು ನನ್ನನ್ನು ನಂಬಿ ಕೊಟ್ಟ ಸಂಗ್ರಾಹಕರು, ಗಡುವಿನ ಮಾತೇ ಎತ್ತದ ಪ್ರಕಾಶಕರು, ಎಲ್ಲರಿಗೂ ನಮಸ್ಕಾರ. ಒಂದೇ ವಾಕ್ಯದಲ್ಲಿ ಮುಗಿಸಿದನೆಂದು ಮುನಿಸಿಕೊಳ್ಳಬೇಡಿ. ಉಳಿದ ಜಾಗ ಚಿಕ್ಕಮ್ಮನಿಗೆ ಬೇಕು.

ಚಿಕ್ಕಮ್ಮ ವೀಣೆಯವರು. ಪಿಯಾನೊ ಎಂದರೆ ಹಳೆಯ ಸಿನಿಮಾಗಳಲ್ಲಿ ನಾಯಕ ಅಳುವುದಕ್ಕೆ ಇಟ್ಟ ಪೆಟ್ಟಿಗೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಕೆಟ್ಟ ರಾತ್ರಿ ನನ್ನ ಪಕ್ಕದಲ್ಲಿ ಕುಳಿತವರು ಅವರೊಬ್ಬರೇ. ಕಣ್ಣು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂಬ ಭಯ ನನ್ನನ್ನು ಹಿಡಿದುಬಿಟ್ಟಿತ್ತು. ಸಮಾಧಾನದ ಮಾತು ಒಂದೂ ಆಡದೆ, "ನೀನು ಬರೆಯುತ್ತಿದ್ದೆಯಲ್ಲ, ಆ ರಷ್ಯಾದವರ ಕಥೆ, ಅದನ್ನು ಹೇಳು" ಎಂದರು.

ಹೇಳತೊಡಗಿದೆ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ್ದು, ಅಲ್ಲಿನ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ ಕಲಿತದ್ದು, ದೊಡ್ಡ ವಾದಕನಾಗಬಹುದಾಗಿದ್ದರೂ ರಚನೆಯೇ ಸಾಕೆಂದು ಕುಳಿತದ್ದು. ಅಣ್ಣ ಎಮಿಲ್‌ನ ಹೆಂಡತಿ ಆನ್ನಾ ಮೇಲೆ ಪ್ರೀತಿ ಹುಟ್ಟಿದ್ದನ್ನು ಹೇಳುವಾಗ ಸ್ವಲ್ಪ ತಡವರಿಸಿದೆ. ಅಣ್ಣತಮ್ಮಂದಿರ ತಾಯಿ ತೀರಿಕೊಂಡ ಮೇಲಷ್ಟೇ ಅವರಿಬ್ಬರ ಮದುವೆಯಾಯಿತು ಎಂದಾಗ ಚಿಕ್ಕಮ್ಮ, "ಆ ಅಣ್ಣ?" ಎಂದು ಕೇಳಿದರು. ಒಪ್ಪಿಕೊಂಡರು ಎಂದೆ. "ಹೂಂ" ಎಂದರು. ಆ "ಹೂಂ"ನಲ್ಲಿ ಒಂದು ಅಧ್ಯಾಯವೇ ಇತ್ತು, ನನಗೆ ಬರೆಯಲು ಬಂದಿಲ್ಲ.

1921ರಲ್ಲಿ ಮೆಟ್ನರ್ ದೇಶ ಬಿಟ್ಟರು. ಬರ್ಲಿನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಕೇಳುವವರಿರಲಿಲ್ಲ. ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್ ಅವರ ಹೊಸ ಬಗೆಯ ಸಂಗೀತದ ಕಾಲದಲ್ಲಿ ಇವರು ಹಳೆಯ ಸ್ವರಮೇಳದ ದಾರಿಯನ್ನೇ ಹಿಡಿದು ಸೊನಾಟಾ ಎಂಬ ದೊಡ್ಡ ವಾದ್ಯ ರಚನೆಗಳನ್ನೂ 'ಸ್ಕಾಜ್ಕಿ' ಎಂಬ ಪುಟ್ಟ ಕಥನ ರಚನೆಗಳನ್ನೂ ಬರೆಯುತ್ತಿದ್ದರು. ಕೈಹಿಡಿದವರು ಗೆಳೆಯ ರಖ್ಮಾನಿನೊಫ್, ಅವರೂ ರಷ್ಯಾದ ಪಿಯಾನೊ ವಾದಕ, ರಚನಕಾರ. ಅಮೆರಿಕದಲ್ಲಿ ಕಛೇರಿಗಳ ಪ್ರವಾಸ ಏರ್ಪಡಿಸಿಕೊಟ್ಟರು. ಆಮೇಲೆ ಲಂಡನ್. ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಯಿತು. ಶಿಷ್ಯೆ, ಇಂಗ್ಲಿಷ್ ಪಿಯಾನೊ ವಾದಕಿ ಎಡ್ನಾ ಐಲ್ಸ್ ಗಂಡಹೆಂಡತಿ ಇಬ್ಬರನ್ನೂ ವಾರಿಕ್‌ಶೈರಿನ ತಮ್ಮ ಮನೆಗೆ ಕರೆದೊಯ್ದು ಇಟ್ಟುಕೊಂಡರು. 1942ರಲ್ಲಿ ಮೆಟ್ನರ್ ಅವರಿಗೆ ಹೃದಯಾಘಾತವಾಯಿತು.

ಅಲ್ಲಿಗೆ ನನ್ನ ದನಿ ನಿಂತಿತು. ಪಕ್ಕದ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

"ನಿಲ್ಲಿಸಿದ್ದೇಕೆ? ಬದುಕಿದರು ತಾನೇ?"

"ಬದುಕಿದರು."

"ಎಷ್ಟು ವರ್ಷ?"

"ಒಂಬತ್ತು."

"ಕಡಿಮೆಯೇನಲ್ಲ. ಮುಂದೆ ಹೇಳು."

ಆಶ್ರಯ ಕೊಟ್ಟ ಆ ಮನೆಯಲ್ಲೇ ಮೂರನೆಯ ಪಿಯಾನೊ ಕನ್ಸರ್ಟೊ, ಅಂದರೆ ವಾದ್ಯವೃಂದದೊಂದಿಗೆ ಪಿಯಾನೊ ನುಡಿಸುವ ದೊಡ್ಡ ರಚನೆ, ಮುಗಿಯಿತು. 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರೇ ಅದನ್ನು ನುಡಿಸಿದರು. ಅದು ಅರ್ಪಿತವಾಗಿರುವುದು ನಮ್ಮ ಮೈಸೂರಿನ ಮಹಾರಾಜರಿಗೆ, ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಎಂದಾಗ ಚಿಕ್ಕಮ್ಮ ನೆಟ್ಟಗೆ ಕುಳಿತರು. 'ಶ್ರೀವಿದ್ಯಾ' ಅಂಕಿತದ ಅವರ ಕೃತಿಗಳನ್ನು ಮಕ್ಕಳಿಗೆ ಪಾಠ ಹೇಳಿದವರು ಚಿಕ್ಕಮ್ಮ. ಅದೇ ದೊರೆ ಪಿಯಾನೊ ವಾದಕನಾಗುವ ಕನಸು ಕಂಡಿದ್ದರೆಂದೂ 1940ರಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡು ಇಪ್ಪತ್ತೊಂದರ ವಯಸ್ಸಿನಲ್ಲಿ ಸಿಂಹಾಸನ ಏರಬೇಕಾಯಿತೆಂದೂ ಅವರಿಗೆ ತಿಳಿದಿರಲಿಲ್ಲ. ಆದರೂ ಅವರ ಮೊದಲ ಪ್ರಶ್ನೆ ಬೇರೆಯೇ: "ಅನ್ನ ಹಾಕಿದ ಹುಡುಗಿಯ ಹೆಸರು ಎಲ್ಲಿ ಹಾಕಿದರು?"

ನಾನು ದೊರೆಯ ಪರ ವಕಾಲತ್ತು ವಹಿಸಿದೆ. ಅವರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್‌ಎಂವಿ ಗ್ರಾಮಫೋನ್ ಕಂಪನಿಯ ಸ್ಟುಡಿಯೋದಲ್ಲಿ ಮೂರೂ ಕನ್ಸರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಧ್ವನಿಮುದ್ರಣವಾದವು, ಹಾಡುಗಳೂ ಆದವು. ಪಿಯಾನೊ ಮುಂದೆ ಸ್ವತಃ ಮೆಟ್ನರ್, ಅದೂ ಆ ಹೃದಯದೊಂದಿಗೆ. ದುಡ್ಡು ಕೊಟ್ಟವರು ಚರಿತ್ರೆಯಲ್ಲಿ ಬಹಳ ಮಂದಿ ಇದ್ದಾರೆ. ಯಾರಿಗೂ ಬೇಡವಾದ ಒಬ್ಬ ಮುದುಕನ ಸಂಗೀತವನ್ನು ಕಿವಿಯಿಂದ ಗುರುತಿಸಿ ಕೊಟ್ಟವರು ಕಡಿಮೆ. ಇದನ್ನು ಚಿಕ್ಕಮ್ಮ ಒಪ್ಪಿದರು. ಪ್ರಶ್ನೆಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಬೆಳಗಿನ ಸುತ್ತಿಗೆ ವೈದ್ಯರು ಬರುವ ಹೊತ್ತಿಗೆ ನಾವು 1951ರ ಲಂಡನ್ನಿನಲ್ಲಿದ್ದೆವು.

ಮನೆಗೆ ಬಂದ ಮೇಲೆ ಪುಸ್ತಕದ ರೂಪವೇ ಬದಲಾಯಿತು. ಮೊದಲು ಅದು ಅರಮನೆಯ ಕಡೆಯಿಂದ ನೋಡಿದ ಕಥೆಯಾಗಿತ್ತು. ಮೈಸೂರಿನವರು ಮೆಟ್ನರ್ ಬಗ್ಗೆ ಬರೆದರೆ ಹಾಗಾಗುವುದು ಸಹಜ. ಈಗ ಎಡ್ನಾ ಅವರ ಮನೆಗೆ ಒಂದು ಇಡೀ ಅಧ್ಯಾಯವಿದೆ. ಗಂಡ ಹೋದ ಮೇಲೆ 1958ರಲ್ಲಿ ಹಸ್ತಪ್ರತಿಗಳೊಂದಿಗೆ ಮಾಸ್ಕೋಗೆ ಮರಳಿದ ಆನ್ನಾ ಅವರಿಗೆ ಇನ್ನೊಂದು.

ಅರ್ಪಣೆಯ ಪುಟದಲ್ಲಿ ಚಿಕ್ಕಮ್ಮನ ಹೆಸರು ಹಾಕಲು ಹೊರಟಿದ್ದೆ. ಕೇಳಿದ್ದೇ ತಪ್ಪಾಯಿತು. "ನನ್ನ ಹೆಸರು ಹಾಕಿದರೆ ನಿನ್ನ ಮನೆಗೆ ಬರುವುದಿಲ್ಲ, ಅಲ್ಲಿಯೂ ಆ ಎಡ್ನಾ ಹೆಸರೇ ಹಾಕು" ಎಂದರು. ಹಾಕಿದ್ದೇನೆ. ಇಲ್ಲಿ ಬರೆಯಬಾರದೆಂದು ಅವರು ಹೇಳಿರಲಿಲ್ಲ, ಆದ್ದರಿಂದ ಬರೆದಿದ್ದೇನೆ. ಅಭಿನಂದಿಸಲು ಫೋನ್ ಮಾಡುವವರು ಸಂಜೆ ಐದರ ನಂತರ ಮಾಡಿ. ಅದಕ್ಕೂ ಮುಂಚೆ ವೀಣೆ ಪಾಠ ನಡೆಯುತ್ತಿರುತ್ತದೆ, ಬೈಸಿಕೊಳ್ಳುತ್ತೀರಿ.