ಗೋಡೆಯ ಕಿಂಡಿ

ಬೇಲೂರು
ಭಾನುವಾರ

ಪ್ರೀತಿಯ ಮಗಳೇ,

ನೀನು ಕಳಿಸಿದ ರಿಪೋರ್ಟನ್ನು ನಾಲ್ಕು ಸಲ ಓದಿದೆ. ಪುಟ್ಟಿಯ ಎರಡೂ ಕಿವಿ ಕೇಳಿಸುತ್ತಿಲ್ಲ, ಕಾರಣ ಜಿಜೆಬಿ2 ಅನ್ನುವ ಜೀನು. ಅದರ ಕೆಳಗೆ ನೀನು ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. "ಗ್ರಹಣದ ದಿನ ನಾನು ಹೊರಗೆ ಬಂದಿದ್ದಕ್ಕೇ ಹೀಗಾಯ್ತಾ ದೊಡ್ಡಮ್ಮ?"

ಇಲ್ಲ. ಮೊದಲು ಅದನ್ನು ತಲೆಯಿಂದ ತೆಗೆದುಹಾಕು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಏನಾಗಿದೆ ಅಂತ ಹೇಳುತ್ತೇನೆ. ನಿಮ್ಮತ್ತೆಗೂ ಓದಿ ಹೇಳು.

ನಮ್ಮ ಹಳೇ ಮನೆಯ ಅಡುಗೆಮನೆ ನೆನಪಿದೆಯಲ್ಲ? ಪಕ್ಕದ ಚಿಕ್ಕಜ್ಜನ ಮನೆಗೂ ನಮಗೂ ಗೋಡೆಗೆ ಗೋಡೆ ತಾಗಿತ್ತು. ಅಲ್ಲೊಂದು ಕಿಂಡಿ. ಹೆಪ್ಪಿಗೆ ಮಜ್ಜಿಗೆ, ಒಲೆಗೆ ಕೆಂಡ, ಒಂದು ಹಿಡಿ ಉಪ್ಪು, ಎಲ್ಲ ಅದರಲ್ಲೇ ಹೋಗಿಬರುತ್ತಿತ್ತು. ಯಾರೂ ಬೀದಿಗೆ ಇಳಿಯಬೇಕಾಗಿರಲಿಲ್ಲ. ಕೊಳಗ ಮಾತ್ರ ಅದರಲ್ಲಿ ತೂರುತ್ತಿರಲಿಲ್ಲ.

ನಮ್ಮ ಮೈಯ ಜೀವಕೋಶಗಳ ನಡುವೆಯೂ ಅಂಥ ಕಿಂಡಿಗಳಿವೆ. ಗ್ಯಾಪ್ ಜಂಕ್ಷನ್ ಅನ್ನುತ್ತಾರೆ. ಕನೆಕ್ಸಿನ್ ಅನ್ನುವ ಪ್ರೋಟೀನು ಆರಾರು ಸೇರಿ ಒಂದು ಕೋಶದ ಪೊರೆಯಲ್ಲಿ ಅರ್ಧ ಕೊಳವೆ ಆಗುತ್ತದೆ. ಪಕ್ಕದ ಕೋಶವೂ ಅಂಥದ್ದೇ ಅರ್ಧ ಕಟ್ಟಿಕೊಂಡಿರಬೇಕು. ಬಾಯಿಗೆ ಬಾಯಿ ಕೂಡಿದರೇ ದಾರಿ. ಅದರ ಅಗಲ ಸುಮಾರು 1.5 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದೂವರೆ ಪಾಲು. ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಸಣ್ಣ ಸಣ್ಣ ಸಂದೇಶದ ಅಣುಗಳು ದಾಟುತ್ತವೆ. ಪ್ರೋಟೀನು, ಡಿಎನ್ಎ ದಾಟುವುದಿಲ್ಲ. ಪಕ್ಕದ ಕೋಶಕ್ಕೆ ಜೋರು ಪೆಟ್ಟಾದರೆ ದಾರಿ ಮುಚ್ಚಿಕೊಳ್ಳುತ್ತದೆ, ಅಲ್ಲಿನ ಕೇಡು ಇಲ್ಲಿಗೆ ಹರಡದಿರಲಿ ಅಂತ. ಒಂದೊಂದು ಕನೆಕ್ಸಿನ್ ಬಾಳುವುದು ಕೆಲವೇ ಗಂಟೆ. ಮೈ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಇದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ನಿನಗೆ ಹೆರಿಗೆ ನೋವು ಬಂತಲ್ಲ, ಅದಕ್ಕೂ ಈ ಕಿಂಡಿಗಳು ಬೇಕು. ದಿನ ತುಂಬುತ್ತಿದ್ದ ಹಾಗೆ ಗರ್ಭಕೋಶದ ಸ್ನಾಯುವಿನಲ್ಲಿ ಅವು ತುಂಬಾ ಜಾಸ್ತಿಯಾಗುತ್ತವೆ. ಆಗಲೇ ಸ್ನಾಯುವೆಲ್ಲ ಒಟ್ಟಿಗೆ ಬಿಗಿಯುವುದು.

ಪುಟ್ಟಿಯ ಹೃದಯಕ್ಕೂ ತೊಂದರೆಯಾ ಅಂತ ಕೇಳಿದ್ದೀಯ. ಮನುಷ್ಯರಲ್ಲಿ ಕನೆಕ್ಸಿನ್ ಇಪ್ಪತ್ತರಷ್ಟು ಬಗೆಯಿವೆ. ಹೃದಯದಲ್ಲಿ ಹೆಚ್ಚಾಗಿ ಇರುವುದು 43 ನಂಬರಿನದು. ಪುಟ್ಟಿಯಲ್ಲಿ ಕೆಟ್ಟಿರುವುದು 26, ರಿಪೋರ್ಟಿನ ಜಿಜೆಬಿ2 ಜೀನು ಕಟ್ಟಿಸುವುದು ಅದನ್ನೇ. ಈ ಬಗೆಯ ಕಿವುಡಿನಲ್ಲಿ ಸಾಮಾನ್ಯವಾಗಿ ಬೇರೆ ಅಂಗಗಳು ಚೆನ್ನಾಗಿಯೇ ಇರುತ್ತವೆ.

ಕಿವಿಯೊಳಗೆ ಬಸವನ ಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರ ದ್ರವದಲ್ಲಿ ಪೊಟ್ಯಾಸಿಯಂ ಜಾಸ್ತಿ. ಶಬ್ದ ಬಂದಾಗ ಕೂದಲಿನಂಥ ತುದಿಯಿರುವ ಕೋಶಗಳೊಳಗೆ ಅದು ನುಗ್ಗುತ್ತದೆ. ಕೇಳುವುದು ಶುರುವಾಗುವುದೇ ಅಲ್ಲಿ. ಒಳಗೆ ಬಂದದ್ದು ಮತ್ತೆ ದ್ರವಕ್ಕೆ ಮರಳಬೇಕು. ಸುತ್ತಲಿನ ಆಸರೆ ಕೋಶಗಳು ಅದನ್ನು ಕಿಂಡಿಯಿಂದ ಕಿಂಡಿಗೆ ದಾಟಿಸುತ್ತವೆ. ಅವಕ್ಕೆ ಸಕ್ಕರೆ ತಲುಪುವುದೂ ಹಾಗೆಯೇ. 26 ಸರಿಯಿಲ್ಲದಿದ್ದರೆ ಈ ಕೊಡುಕೊಳ್ಳುವಿಕೆ ಕೆಡುತ್ತದೆ, ಆ ಭಾಗ ಸರಿಯಾಗಿ ಬೆಳೆಯುವುದೂ ಇಲ್ಲ. ಆದರೆ ಅಲ್ಲಿಂದ ಮಿದುಳಿಗೆ ಹೋಗುವ ನರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಉಪಕರಣ, ಅದು ನೇರವಾಗಿ ಆ ನರಕ್ಕೇ ವಿದ್ಯುತ್ ಸಂದೇಶ ಕೊಡುತ್ತದೆ. ಹಾಗಾಗಿ ಇಂಥ ಮಕ್ಕಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ತಪ್ಪು ಯಾರದ್ದು ಅನ್ನುವ ಮಾತು. ಆ ಜೀನಿನ ಕೆಟ್ಟ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದಿದೆ. ಒಂದೇ ಇದ್ದವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ನಿನಗೂ ನಿನ್ನ ಗಂಡನಿಗೂ ಕೇಳಿಸುವ ಹಾಗೆ. ನೀನು ಮದುವೆಯಾದದ್ದು ಸೋದರಮಾವನ ಮಗನನ್ನು. ನನ್ನ ಅಪ್ಪ ಅಮ್ಮ ಸೋದರಮಾವ, ಅಕ್ಕನ ಮಗಳು. ರಕ್ತಸಂಬಂಧದಲ್ಲಿ ಇಬ್ಬರ ಬಳಿಯೂ ಅದೇ ಪ್ರತಿ ಇರುವ ಸಾಧ್ಯತೆ ಜಾಸ್ತಿ. ನಿನ್ನ ಮದುವೆ ಮಾಡಿಸಿದ್ದು ನಾವು ಹಿರಿಯರು. ಆ ಮಾತುಕತೆಯಲ್ಲಿ ನಾನೂ ಕೂತಿದ್ದೆ, ಬಾಯಿ ಬಿಡಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಮುಂದಿನ ಮಗುವಿಗೂ ಪ್ರತಿ ಸಲ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಇರುತ್ತದೆ. ಆ ಯೋಚನೆ ಬಂದಾಗ ಇಬ್ಬರೂ ಮೊದಲೇ ಜೆನೆಟಿಕ್ ಕೌನ್ಸೆಲಿಂಗಿಗೆ ಹೋಗಿ.

ನಿನ್ನ ಚಿಕ್ಕಮಾವನಿಗೆ ಕಿವಿ ಕೇಳುವುದಿಲ್ಲ ಅಂತ ನಮಗೆ ಗೊತ್ತಾಗಿದ್ದು ಐದು ತುಂಬಿದ ಮೇಲೆ. "ಗಂಡು ಮಕ್ಕಳಿಗೆ ಮಾತು ತಡ" ಅಂತ ಸುಮ್ನೆ ಕಾದೆವು. ಶಾಲೆಯಲ್ಲಿ ಹಟಮಾರಿ ಅಂದು ಬೆಂಚಿನ ಮೇಲೆ ನಿಲ್ಲಿಸಿದರು. ಅವನಿಗೆ ಯಾಕೆ ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮ ಮುಖವನ್ನೇ ನೋಡುತ್ತಿದ್ದ.

ಪುಟ್ಟಿಗೆ ಈಗ ನಾಲ್ಕು ತಿಂಗಳು. ಆರು ತುಂಬುವುದರೊಳಗೆ ಹಿಯರಿಂಗ್ ಏಡ್ ಹಾಕಿಸಬೇಕು, ಇಂಪ್ಲಾಂಟ್ ಒಂದು ವರ್ಷದ ಹೊತ್ತಿಗೆ. ಮಿದುಳು ಮಾತನ್ನು ಹಿಡಿಯುವುದು ಈ ಮೊದಲ ವರ್ಷಗಳಲ್ಲೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹಾಸನದಿಂದ ಮೂರು ಗಂಟೆಯ ದಾರಿ. ಖರ್ಚಿನ ಚಿಂತೆ ಬೇಡ. ಅಂಗವಿಕಲರಿಗೆ ಉಪಕರಣ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಬಗ್ಗೆ ಅಲ್ಲೇ ವಿಚಾರಿಸೋಣ, ಆಗದಿದ್ದರೆ ನನ್ನ ಪೆನ್ಶನ್ ಇದೆ. ಅಲ್ಲಿಯವರೆಗೆ ಅವಳನ್ನು ಎತ್ತಿಕೊಂಡಾಗ ನಿನ್ನ ಮುಖ ಅವಳಿಗೆ ಕಾಣುವ ಹಾಗೆ ಮಾತಾಡು, ಕೈ ಆಡಿಸು, ನಗು. ಕೇಳಿಸಲ್ಲ ಅಂತ ಸುಮ್ಮನಾಗಬೇಡ.

ಗುರುವಾರ ಬೆಳಿಗ್ಗೆ ಆರಕ್ಕೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ರಿಪೋರ್ಟಿನ ಫೈಲು, ಪುಟ್ಟಿಯ ಟೋಪಿ ಮರೆಯಬೇಡ. ನಿಮ್ಮತ್ತೆಯನ್ನೂ ಕರೆದುಕೊಂಡು ಬಾ.

ನಿನ್ನ
ದೊಡ್ಡಮ್ಮ