ಮುರಿದ ಪ್ಲೇಟ್ ಎತ್ತಿಟ್ಟು ಕೊಟ್ಟ ಸಿಸ್ಟರ್‌ಗೆ

ಹೋದ ಗುರುವಾರ ಬ್ಯಾಂಕಿಂದ ಮೆಸೇಜ್ ಬಂತು, ಕೇಸಿನ ಪರಿಹಾರದ ದುಡ್ಡು ಜಮಾ ಆಗಿದೆ ಅಂತ. ಮೂರು ವರ್ಷದಿಂದ ಕಾಯ್ತಿದ್ದ ಮೆಸೇಜು, ಬಂದಾಗ ಯಾರದೋ ಬ್ಲೌಸಿಗೆ ಹುಕ್ ಹಾಕ್ತಾ ಕೂತಿದ್ದೆ, ಓದ್ಬಿಟ್ಟು ಮತ್ತೆ ಹುಕ್ಕೇ ಹಾಕ್ದೆ, ಅಳು ಬಂದಿದ್ದು ರಾತ್ರಿ ಪಾತ್ರೆ ತೊಳೆಯೋವಾಗ.

ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ತೀನಿ. ನಾನು ತಿಪಟೂರಲ್ಲಿ ಟೈಲರ್. 2021 ನವೆಂಬರಲ್ಲಿ ಸ್ಕೂಟಿಯಿಂದ ಬಿದ್ದು ಬಲಗಾಲಿನ ತೊಡೆ ಮೂಳೆ ಮುರೀತು, ಮೂಳೆ ಕೂಡೋಕೆ ಒಳಗೆ ಲೋಹದ ಪ್ಲೇಟ್ ಹಾಕಿದ್ರು, ಐದು ತಿಂಗಳಿಗೆ ಆ ಪ್ಲೇಟೇ ಒಳಗೆ ಎರಡು ತುಂಡು. ಬಿದ್ದಿಲ್ಲ, ಎಡವಿಲ್ಲ, ವಾಕರ್ ಹಿಡ್ಕೊಂಡು ಬಚ್ಚಲಿಂದ ಬರ್ತಿದ್ದೆ, ಒಣಗಿದ ಸೌದೆ ಮುರಿದಂಗೆ ಲಟ್ ಅಂತು. ಮತ್ತೆ ಆಪರೇಷನ್, ಈ ಸಲ ಬೇರೆ ಆಸ್ಪತ್ರೆ, ಸೊಂಟದ ಮೂಳೆ ಸ್ವಲ್ಪ ಕೆತ್ತಿ ತೊಡೆಗೆ ತುಂಬಿದ್ರು. ಆ ನೋವಿನ ವಿಷ್ಯ ಬೇಡ ಬಿಡಿ.

ಈ ಬರಹ ಮುಖ್ಯವಾಗಿ ಆ ಎರಡನೇ ಆಸ್ಪತ್ರೆ ಆಪರೇಷನ್ ಥಿಯೇಟರ್ ಸಿಸ್ಟರ್‌ಗೆ. ಆಪರೇಷನ್ ಆದ ಮಾರನೇ ದಿನ ವಾರ್ಡಿಗೆ ಬಂದು, "ಅಕ್ಕಾ, ನಿಮ್ ಹಳೇ ಪ್ಲೇಟ್ ಬೇಕಾ? ಬೇಡಾಂದ್ರೆ ಕಸದ ನೀಲಿ ಡಬ್ಬಿಗೆ ಹೋಗುತ್ತೆ, ಆಮೇಲೆ ಸಿಗಲ್ಲ" ಅಂದ್ರು. ನಂಗೆ ಅದನ್ನ ನೋಡೋಕೂ ಇಷ್ಟ ಇರ್ಲಿಲ್ಲ, ಬೇಡ ಅಂದೆ. ಅವರು ಒಂದ್ ನಿಮಿಷ ನಿಂತು "ಇರ್ಲಿ ಅಕ್ಕಾ, ಇಟ್ಕೊಳಿ" ಅಂತ ಡಾಕ್ಟರ್ ಹತ್ರ ಒಂದು ಚೀಟಿ ಬರೆಸ್ಕೊಂಡು, ಡೇಟ್ ಹಾಕಿಸಿ, ಯೂರಿನ್ ಟೆಸ್ಟಿಗೆ ಕೊಡ್ತಾರಲ್ಲ ಅಂಥ ದೊಡ್ಡ ಡಬ್ಬಿಲಿ ಹಾಕಿ ಟೇಪ್ ಸುತ್ತಿ ನಮ್ಮನೆಯವ್ರ ಕೈಲಿ ಕೊಟ್ರು. ಒಂದು ಗೇಣು ಉದ್ದ, ಹೆಬ್ಬೆರಳಷ್ಟು ಅಗಲ, ನಡು ಮಧ್ಯ ಒಂದು ಸ್ಕ್ರೂ ತೂತಿನ ಹತ್ರ ಕಟ್ಟಾಗಿತ್ತು. ಇಡೀ ಕೇಸು ನಿಂತಿದ್ದು ಆ ಡಬ್ಬಿ ಮೇಲೆ. ನಿಮ್ಮ ಹೆಸರೂ ಕೇಳ್ಕೊಂಡಿರ್ಲಿಲ್ಲ ಸಿಸ್ಟರ್, ಆಮೇಲೆ ಹೋಗಿ ವಿಚಾರಿಸಿದ್ರೆ ಕೆಲಸ ಬಿಟ್ಟು ಬೇರೆ ಕಡೆ ಹೋದ್ರು ಅಂದ್ರು.

ಆಮೇಲೆ ನಮ್ಮತ್ತೆ. ಅತ್ತೆಗೆ ಓದೋಕೆ ಬರಲ್ಲ, ಆದ್ರೆ ಆಸ್ಪತ್ರೆ ಕಾಗದ ಅಂದ್ರೆ ಔಷಧಿ ಚೀಟಿನೂ ಬಿಸಾಡಲ್ಲ, ಎಲ್ಲಾ ಬಿಸ್ಕೆಟ್ ಟಿನ್ನಲ್ಲಿ ಮಡಚಿ ಇಡ್ತಾರೆ (ನಾನು ಎಷ್ಟೋ ಸಲ ಈ ಕಸ ಯಾಕೆ ಅಂತ ರೇಗಿದೀನಿ, ತಪ್ಪಾಯ್ತು ಅತ್ತೆ). ಆ ಟಿನ್ನಲ್ಲಿ ಮೊದಲ ಆಪರೇಷನ್ ಬಿಲ್ ಇತ್ತು, ಬಿಲ್ ಹಿಂದೆ ಪ್ಲೇಟಿನ ಸ್ಟಿಕ್ಕರ್ ಅಂಟಿಸಿದ್ರು, ಅದರಲ್ಲಿ ಲಾಟ್ ನಂಬರ್, ಅಂದ್ರೆ ಯಾವ ಕಂತಲ್ಲಿ ತಯಾರಾಗಿದ್ದು ಅನ್ನೋ ನಂಬರ್. ಕೇಸ್ ಹಾಕಿದಾಗ ಪ್ಲೇಟ್ ಕಂಪನಿಯವ್ರು ಮೊದಲು ಹೇಳಿದ್ದೇ ಈ ಪ್ಲೇಟ್ ನಮ್ದಲ್ಲ ಅಂತ! ಪ್ಲೇಟ್ ಮೇಲೆ ಸಣ್ಣದಾಗಿ ಕೊರೆದಿದ್ದ ನಂಬರೂ ಸ್ಟಿಕ್ಕರ್ ನಂಬರೂ ಒಂದೇ ಅಂತ ಭೂತಗನ್ನಡಿ ಹಿಡಿದು ತೋರಿಸಿದ್ಮೇಲೆ ಆ ಮಾತು ನಿಂತೋಯ್ತು.

ವಕೀಲ ಮೇಡಂ, ನಿಮಗೆ ಏನು ಹೇಳ್ಲಿ. ಫೀಸ್ ಕಂತಲ್ಲಿ ತಗೊಂಡ್ರಿ, ಮೊದಲ ದಿನವೇ "ಅದನ್ನ ತೊಳಿಬೇಡಿ, ಉಜ್ಜಬೇಡಿ, ಟೇಪ್ ಬಿಚ್ಚಲೇಬೇಡಿ" ಅಂದ್ರಿ. ಎಎಸ್‌ಆರ್ ಅಂತ ಹಿಪ್ ಇಂಪ್ಲಾಂಟ್ (ಸೊಂಟದ ಕೃತಕ ಕೀಲು) ಕಥೆ ಹೇಳಿದ್ದೂ ನೀವೇ. ಅದನ್ನ ತಯಾರಿಸಿದ ಕಂಪನಿ 2010 ಆಗಸ್ಟಲ್ಲಿ ಪ್ರಪಂಚದಾದ್ಯಂತ ವಾಪಸ್ ತಗೊಂಡ್ರೂ, ನಮ್ಮ ದೇಶದಲ್ಲಿ ಅದನ್ನ ಹಾಕಿದ ಸುಮಾರು 4,700 ಆಪರೇಷನ್ನಲ್ಲಿ ಎಷ್ಟೋ ಜನರ ಪತ್ತೆನೇ ಸಿಗ್ಲಿಲ್ವಂತೆ, 2018ರಲ್ಲಿ ಕೇಂದ್ರದ ಕಮಿಟಿ 30 ಲಕ್ಷದಿಂದ 1.23 ಕೋಟಿವರೆಗೆ ಪರಿಹಾರ ಅಂತ ಲೆಕ್ಕ ಹಾಕಿತು, ಆದ್ರೆ ಕಾಗದ ಇಲ್ದೋರು ಏನ್ ತೋರಿಸ್ತಾರೆ. ಅದು ಕೇಳಿದ್ಮೇಲೆ ಅತ್ತೆ ಟಿನ್ನನ್ನ ಬೀರುಗೆ ಹಾಕಿ ಬೀಗ ಹಾಕಿದ್ವಿ.

ಕೇಸ್ ಹಾಕಿದ್ದು 2022ರ ಕೊನೇಲಿ, ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ನಾವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದಿದ್ದಕ್ಕೆ ಕೇಸ್ ಹಾಕೋಕೆ ಸರ್ಕಾರಿ ಶುಲ್ಕ ಏನೂ ಇರ್ಲಿಲ್ಲ, ಎರಡು ವರ್ಷದ ಒಳಗೆ ಹಾಕ್ಬೇಕು ಅನ್ನೋದು ಮಾತ್ರ ಗಟ್ಟಿ. 2019ರ ಗ್ರಾಹಕರ ಕಾಯ್ದೇಲಿ ಸೆಕ್ಷನ್ 84 ಅಂತಿದೆ, ತಯಾರಿಸೋವಾಗಲೇ ದೋಷ ಇದ್ರೆ ಕಂಪನಿನೇ ಹೊಣೆ ಅಂತ. ಆದ್ರೆ ದೋಷ ಇತ್ತು ಅಂತ ತೋರಿಸ್ಬೇಕಲ್ಲ. ಡೀಲರ್ ಕಡೆ ವಕೀಲರು, "ಈಕೆ ಡಾಕ್ಟರ್ ಮಾತು ಕೇಳ್ದೆ ಕಾಲಿಗೆ ಭಾರ ಹಾಕಿ ಮಿಷನ್ ತುಳಿದಿದಾಳೆ" ಅಂದ್ರು. ಆ ಐದು ತಿಂಗಳು ನನ್ನ ಮಿಷನ್ ಮೇಲೆ ಅತ್ತೆ ಹಪ್ಪಳ ಒಣಗಿಸ್ತಿದ್ರು ಸ್ವಾಮಿ! ಕೋಪಕ್ಕೆ ಕೈ ನಡುಗ್ತಿತ್ತು, ಮೇಡಂ ನನ್ನ ಮೊಣಕೈ ಹಿಡ್ಕೊಂಡು ಕೂರಿಸಿದ್ರು.

ಕೊನೆಗೆ ಪ್ಲೇಟ್ ಲ್ಯಾಬಿಗೆ ಹೋಯ್ತು, ಅದರ ಫೀಸ್ ನಾವೇ ಕಟ್ಟಬೇಕಾಯ್ತು, ಆಗ ನನ್ನ ತಮ್ಮ ಕೊಬ್ಬರಿ ಮಾರಿದ ದುಡ್ಡು ಹಂಗೇ ತಂದು ಕೈಲಿಟ್ಟ, ಬಡ್ಡಿ ಮಾತು ಎತ್ತಿದ್ದಕ್ಕೆ ಎರಡು ದಿನ ಮಾತಾಡ್ಲಿಲ್ಲ. ರಿಪೋರ್ಟ್ ಏಳು ತಿಂಗಳಿಗೆ ಬಂತು. ಬಿರುಕು ಶುರುವಾಗಿದ್ದೇ ಆ ತೂತಿನ ಅಂಚಲ್ಲಿ, ಅಲ್ಲಿ ಲೋಹದ ಒಳಗೇ ದೋಷ ಇತ್ತು ಅಂತ. ಟೆಸ್ಟ್ ಇರೋ ಕೇಸು ಐದು ತಿಂಗಳಲ್ಲಿ ಮುಗಿಸೋಕೆ ನೋಡ್ಬೇಕು ಅಂತ ಕಾಯ್ದೇಲಿ ಬರೆದಿದೆಯಂತೆ, ನಮಗೆ ವಾಯ್ದೆ ಮೇಲೆ ವಾಯ್ದೆ, ಪ್ಯಾಸೆಂಜರ್ ರೈಲಲ್ಲಿ ಹೋಗಿ ಮುಂದಿನ ಡೇಟ್ ಬರ್ಕೊಂಡು ವಾಪಸ್ ಬಂದಿದ್ದೇ ಜಾಸ್ತಿ. ಇದೊಂದು ಮಾತ್ರ ಥ್ಯಾಂಕ್ಸ್ ಹೇಳೋ ವಿಷ್ಯ ಅಲ್ಲ.

ಎರಡನೇ ಆಪರೇಷನ್ ಮಾಡಿದ ಡಾಕ್ಟರಿಗೂ ಕೈ ಮುಗೀತೀನಿ. ಇನ್ನೊಬ್ಬ ಡಾಕ್ಟರ್ ಹಾಕಿದ್ದರ ಬಗ್ಗೆ ಬರೆದು ಕೊಡೋಕೆ ಯಾರೂ ಮುಂದೆ ಬರಲ್ಲ, ನೀವು ಬರೆದ್ರಿ, ಮೊದಲಿನೋರ ಕೈಚಳಕದಲ್ಲಿ ತಪ್ಪಿಲ್ಲ, ಸ್ಕ್ರೂ ಸರಿಯಾಗೇ ಕೂತಿತ್ತು, ಮುರಿದಿದ್ದು ಪ್ಲೇಟ್ ಅಂತ. ಇಂಥ ಸಾಮಾನಿಂದ ತೊಂದ್ರೆ ಆದ್ರೆ ಗಾಜಿಯಾಬಾದಲ್ಲಿರೋ ಕೇಂದ್ರದ ಸಂಸ್ಥೆಗೆ ವರದಿ ಕಳಿಸೋ ವ್ಯವಸ್ಥೆ 2015ರಿಂದ ಇದೆಯಂತೆ, ಆ ಫಾರ್ಮೂ ನೀವೇ ತುಂಬಿ ಕಳಿಸಿದ್ರಿ. ಅದೇ ಲಾಟ್‌ನ ಪ್ಲೇಟು ಇನ್ನೆಷ್ಟು ಜನರ ಕಾಲಲ್ಲಿದೆಯೋ ಅನ್ನೋದು ಈಗ್ಲೂ ರಾತ್ರಿ ನೆನಪಾಗುತ್ತೆ.

ಆರ್ಡರ್ ಆಯ್ತು, 7 ಲಕ್ಷ ಮತ್ತೆ ಬಡ್ಡಿ. ಕಂಪನಿ ಅರ್ಧ ದುಡ್ಡು ಡೆಪಾಸಿಟ್ ಇಟ್ಟು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಅಪೀಲ್ ಹೋಯ್ತು, ಅಲ್ಲೂ ನಮ್ಮ ಕಡೆನೇ ಆಯ್ತು. ಸಾಲ ತೀರಿತು, ತಮ್ಮನ ದುಡ್ಡು ಅವನ ಹೆಂಡ್ತಿ ಕೈಗೇ ಕೊಟ್ಟೆ. ಮಿಕ್ಕಿದ್ದರಲ್ಲಿ ಮೋಟರ್ ಮಿಷನ್ ತಗೊಂಡೆ, ಎಡಗಾಲಲ್ಲೇ ಓಡಿಸ್ತೀನಿ. ಬಲಗಾಲು ಒಂದು ಬೆರಳಷ್ಟು ಗಿಡ್ಡ, ಅದು ಹಂಗೇನೇ. ವರ್ಷಗಟ್ಟಲೆ ಬೇರೆ ಟೈಲರ್ ಹತ್ರ ಹೋಗದೆ ಕಾದ ನನ್ನ ಕಸ್ಟಮರ್‌ಗಳಿಗೂ, ಊಟದ ಕ್ಯಾರಿಯರ್ ಕಳಿಸಿದ ಎದುರುಮನೆ ಆಂಟಿಗೂ ದೊಡ್ಡ ನಮಸ್ಕಾರ.

ಸಿಸ್ಟರ್, ಯಾರಾದ್ರೂ ಇದನ್ನ ನಿಮಗೆ ತೋರಿಸಿದ್ರೆ ಒಂದು ಅಳತೆ ಬ್ಲೌಸ್ ಕಳಿಸಿ. ಲೈನಿಂಗ್ ನಂದೇ.