ಸನ್ನಿ ಅಲ್ಲ ಅಮ್ಮ

ಎಡಿನ್‌ಬರೊ
ಜನವರಿ 18

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ಅಜ್ಜಿ ವಾಕರ್ ಹಿಡಿದು ಹಜಾರದವರೆಗೆ ನಡೆದರು ಅಂತ ಅಪ್ಪ ಹೇಳಿದರು. ಖುಷಿ ಆಯ್ತು. ಸೊಂಟದ ಆಪರೇಷನ್ ಆದವರನ್ನು ಬಿಟ್ಟು ನೀನು ಬಾಣಂತನಕ್ಕೆ ಬರೋದು ಹೇಗೆ, ಅದಕ್ಕೆ ನನಗೆ ಬೇಜಾರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದು ಓದಿದರೆ ನಿನ್ನ ತಲೆಗೆ ಮೊದಲು ಬರೋದು ಅದೇ.

ವಿಡಿಯೊ ಕಾಲ್‌ನಲ್ಲಿ ನಾನು ಸುಳ್ಳು ಹೇಳುತ್ತಿದ್ದೆ. ಮಗು ಮುಖ ತೋರಿಸಿ, ಎಲ್ಲ ಆರಾಮ ಅಂದು, ನೆಟ್‌ವರ್ಕ್ ಸರಿ ಇಲ್ಲ ಅಂತ ಇಟ್ಟುಬಿಡುತ್ತಿದ್ದೆ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಒಂದು ದಿನ ಇವರು ಆಫೀಸಿನಿಂದ ಬಂದಾಗ ನಾನು ಸಿಂಕಿನ ಮುಂದೆ ನಿಂತಿದ್ದೆ. ಲೈಟ್ ಹಾಕಿರಲಿಲ್ಲ. ನಲ್ಲಿ ಸುರಿಯುತ್ತಿತ್ತು, ಕೈಯಲ್ಲಿ ಹಾಲಿನ ಬಾಟಲಿ. ರೂಮಿನಲ್ಲಿ ಮಗು ಅಳುತ್ತಿತ್ತು. ನನಗೆ ಕೇಳಿಸುತ್ತಿತ್ತು ಅಮ್ಮ, ಆದರೆ ಪಕ್ಕದ ಮನೆ ಮಗು ಅತ್ತ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ. ಇವರು ನಲ್ಲಿ ನಿಲ್ಲಿಸಿ ಮಗುವನ್ನು ಎತ್ತಿಕೊಂಡು ಬಂದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಹೆರಿಗೆಯಾದ ವಾರ ಅಳು ಬರೋದು ಮಾಮೂಲು, ಎರಡು ವಾರದಲ್ಲಿ ಹೋಗುತ್ತೆ ಅಂದಿದ್ದರು. ನನ್ನದು ಹೋಗಲಿಲ್ಲ. ಮಗು ಮಲಗಿದರೂ ನಿದ್ದೆ ಇಲ್ಲ. ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತಿದ್ದೆ.

ಇಲ್ಲಿ ಮನೆಗೇ ಬಂದು ತಾಯಿ ಮಗು ನೋಡೋ ನರ್ಸ್ ಇರುತ್ತಾರೆ, ಹೆಲ್ತ್ ವಿಸಿಟರ್ ಅಂತಾರೆ. ಅವರು ಒಂದು ಹಾಳೆ ಕೊಟ್ಟರು. ಹತ್ತು ಪ್ರಶ್ನೆ. ಹೋದ ಏಳು ದಿನದಲ್ಲಿ ನಗು ಬಂತಾ, ಕಾರಣವಿಲ್ಲದೆ ಗಾಬರಿ ಆಯ್ತಾ, ಸುಮ್ಸುಮ್ನೆ ನಿಮ್ಮನ್ನೇ ಬೈದುಕೊಂಡಿರಾ, ಹೀಗೆ. ಒಟ್ಟು 30 ಅಂಕ. 13 ಬಂದರೆ ಡಾಕ್ಟರ್ ನೋಡಲೇಬೇಕಂತೆ. ನನಗೆ 18. ಜಾಸ್ತಿ ಮಾರ್ಕ್ಸ್ ಬಂದು ಅತ್ತಿದ್ದು ಇದೇ ಮೊದಲು! ಆ ಹಾಳೆ ತಯಾರಾಗಿದ್ದು ಇದೇ ಊರು ಮತ್ತು ಪಕ್ಕದ ಲಿವಿಂಗ್‌ಸ್ಟನ್‌ನಲ್ಲಿ, 1987ರಿಂದ ಬಳಕೆಯಲ್ಲಿದೆ. ಕನ್ನಡಕ್ಕೂ ಬಂದಿದೆ. ಕೊನೇ ಪ್ರಶ್ನೆ, ಜೀವಕ್ಕೆ ಏನಾದರೂ ಮಾಡಿಕೊಳ್ಳೋ ಯೋಚನೆ ಬಂತಾ ಅಂತ. ಇಲ್ಲ ಅಂತ ಬರೆದೆ. ನಿಜವಾಗಿಯೂ ಇಲ್ಲ, ನಿನ್ನಾಣೆ.

ಈಗ ನೀನು ಬಾಣಂತಿ ಸನ್ನಿ ಅಂತೀಯ. ಅಲ್ಲ. ಸನ್ನಿ ಅಂದರೆ ಇಲ್ಲದ್ದು ಕಾಣೋದು, ಕೇಳೋದು. ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ, ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು. ನನ್ನದು ಖಿನ್ನತೆ. ಇಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಬರುತ್ತೆ. ಅಪರೂಪದ್ದಕ್ಕೆ ನಮ್ಮ ಮನೆಗಳಲ್ಲಿ ಹೆಸರಿದೆ, ಇಷ್ಟೊಂದು ಜನಕ್ಕೆ ಬರೋದಕ್ಕೆ ಇಲ್ಲ ನೋಡು. ದೃಷ್ಟಿ ಅಂತಾರೆ, ಸೋಮಾರಿತನ ಅಂತಾರೆ. ಚಿಕ್ಕಮ್ಮ ಮೊನ್ನೆ ಫೋನಿನಲ್ಲಿ, "ನಿಮ್ಮಜ್ಜಿ ಆರು ಹೆತ್ತರೂ ಗದ್ದೆಗೆ ಹೋಗ್ತಿದ್ರು" ಅಂದರು. ಹೋಗುತ್ತಿದ್ದರು, ಸರಿ. ಹೇಗಿದ್ದರು ಅಂತ ಯಾರು ಕೇಳಿದ್ದರು?

ತಮ್ಮ ಹುಟ್ಟಿದಾಗ ನನಗೆ ಏಳು ವರ್ಷ. ನೀನು ಬಚ್ಚಲಲ್ಲಿ ಹಂಡೆ ಪಕ್ಕ ಕೂತು ಅಳುತ್ತಿದ್ದೆ. ಹೊಗೆ ಅಂದೆ. ಅವತ್ತು ಒಲೆ ಹಚ್ಚಿರಲೇ ಇಲ್ಲ ಅಮ್ಮ.

ಡಾಕ್ಟರ್ ಸೆರ್ಟ್ರಲೈನ್ ಅಂತ ಮಾತ್ರೆ ಕೊಟ್ಟಿದ್ದಾರೆ. ಹಾಲಿಗೆ ಹೋಗೋದು ತೀರಾ ಕಮ್ಮಿ, ಕುಡಿಸಬಹುದು. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ನನಗೆ ಈಗ ನಾಲ್ಕನೇ ವಾರ. ವಾರಕ್ಕೊಮ್ಮೆ ಒಬ್ಬರ ಹತ್ತಿರ ಮಾತಾಡಿ ಬರುತ್ತೇನೆ. ರಾತ್ರಿ ಒಂದು ಸಲ ಇವರೇ ಬಾಟಲಿ ಹಾಲು ಕುಡಿಸುತ್ತಾರೆ. ನಾನು ಒಂದೇ ಸಮ ಐದು ಗಂಟೆ ಮಲಗುತ್ತೇನೆ. ಮಾತ್ರೆಗಿಂತ ಮೊದಲು ಗುಣ ಕೊಟ್ಟಿದ್ದು ಆ ನಿದ್ದೆ.

ಮಾವನ ಮಗಳಿಗೂ ಮಾರ್ಚ್‌ಗೆ ದಿನ ತುಂಬುತ್ತೆ ಅಲ್ವಾ? ಅವಳಿಗೆ 14416 ನಂಬರ್ ಬರೆದುಕೊಡು. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡೋ ವಾರ್ಡೇ ಇದೆ. ಹುಚ್ಚಾಸ್ಪತ್ರೆ ಅಂತ ಅಪ್ಪ ಗೊಣಗಿದರೆ ಈ ಪತ್ರ ತೋರಿಸು.

ಭಾನುವಾರ ಫೋನ್ ಮಾಡು. ಮಗು ತೋರಿಸು ಅಂತ ಕೇಳಬೇಡ, ಅದು ಮಲಗಿದ ಮೇಲೆ ಮಾಡು. ಅಪ್ಪನ ಕೈಯಲ್ಲಿ ಬಾಣಂತಿ ಖಾರ ಪಾರ್ಸಲ್ ಮಾಡಿಸು, ಎರಡು ಕೊಬ್ಬರಿ ಗಿಟುಕೂ ಇರಲಿ. ಬೆಳ್ಳುಳ್ಳಿ ಬೇಡ, ಇಲ್ಲೇ ಸಿಗುತ್ತೆ.

ನಿನ್ನ ಮಗಳು